ಕಾಡ್ಗಿಚ್ಚು, ಸಿಡಿಲು, ನೆರೆ: ಮೈಸೂರು–ಮಂಡ್ಯ ಸೀಮೆಯ ಮನೆಗಳಿಗೊಂದು ಸಿದ್ಧತೆಯ ಮಾರ್ಗದರ್ಶಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಪ್ರಕೃತಿ ವಿಕೋಪಗಳು ಹೆಚ್ಚುಕಡಿಮೆ ಪಂಚಾಂಗ ನೋಡಿಕೊಂಡೇ ಬರುತ್ತವೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡಿತೆಂದರೆ ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಹೊಗೆ ಏಳುವ ಕಾಲ ಬಂತೆಂದೇ ಅರ್ಥ. ಭರಣಿ, ಕೃತ್ತಿಕಾ ಮಳೆಗಳು ಬಿರುಗಾಳಿಯನ್ನೂ ಸಿಡಿಲನ್ನೂ ಹೊತ್ತು ತರುತ್ತವೆ. ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಕೊಡಗಿನಲ್ಲೂ ವಯನಾಡಿನಲ್ಲೂ ಹಿಡಿದುಕೊಂಡರೆ ಕಾವೇರಿ ಮತ್ತು ಕಪಿಲೆ (ಕಬಿನಿ) ದಡ ಮೀರುತ್ತವೆ. ಅವೇ ಮಳೆಗಳು ಕೈಕೊಟ್ಟರೆ ಬರ ಬರುತ್ತದೆ. ಕಾಲ ಮೊದಲೇ ಗೊತ್ತಿರುವುದರಿಂದ ನಮ್ಮ ಸೀಮೆಯಲ್ಲಿ ಸಿದ್ಧತೆಯ ಕೆಲಸವನ್ನು ವಿಕೋಪಕ್ಕೆ ಎರಡು ತಿಂಗಳು ಮುಂಚೆ ಮಾಡಿಕೊಳ್ಳಲು ಸಾಧ್ಯವಿದೆ, ಮತ್ತು ಹಾಗೆ ಮಾಡಿಕೊಂಡ ಕೆಲಸಕ್ಕಷ್ಟೇ ಬೆಲೆಯಿದೆ. ಬೆಂಕಿ ಹೊಲದ ಬದುವಿಗೆ ಬಂದಾಗ ಅಥವಾ ನೀರು ಹೊಸ್ತಿಲು ಮುಟ್ಟಿದಾಗ ಯಾರು ಏನು ಮಾಡಬೇಕೆಂದು ಯೋಚಿಸಲು ಸಮಯ ಇರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿ ವರ್ಷದ ಕ್ರಮವನ್ನೇ ಅನುಸರಿಸುತ್ತದೆ. ಸುಗ್ಗಿಗೆ ಸ್ವಲ್ಪ ಮೊದಲು, ನವೆಂಬರ್ ತಿಂಗಳಲ್ಲಿ ಇದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಮೊದಲ ಹೆಜ್ಜೆ: ಮನೆ ನಿಂತಿರುವ ಜಾಗವನ್ನು ತಿಳಿದುಕೊಳ್ಳುವುದು

ಒಂದೇ ತಾಲ್ಲೂಕಿನ ಎರಡು ಊರುಗಳ ಅಪಾಯ ಒಂದೇ ಆಗಿರುವುದಿಲ್ಲ. ಎಚ್.ಡಿ. ಕೋಟೆ, ಸರಗೂರು, ಹುಣಸೂರು ತಾಲ್ಲೂಕುಗಳ ಕಾಡಂಚಿನ ಊರುಗಳಿಗೂ ಹಾಡಿಗಳಿಗೂ ಬೆಂಕಿಯೇ ಮೊದಲ ಭಯ. ಮೇಲುಕೋಟೆಯ ಬೆಟ್ಟಸಾಲು, ಹುಣಸೂರಿನ ಅರಬಿತಿಟ್ಟು, ಮುತ್ತತ್ತಿಯ ಸುತ್ತಲಿನ ಕಾವೇರಿ ವನ್ಯಜೀವಿಧಾಮ, ನಗರಕ್ಕೇ ಅಂಟಿಕೊಂಡಿರುವ ಚಾಮುಂಡಿ ಬೆಟ್ಟ, ಇವೆಲ್ಲ ಬೇಸಿಗೆಯಲ್ಲಿ ಒಣಗಿ ನಿಲ್ಲುವ ಕುರುಚಲು ಅಥವಾ ಎಲೆ ಉದುರುವ ಕಾಡುಗಳು. ನಂಜನಗೂಡಿನ ತೋಪಿನ ಬೀದಿ, ಹಳ್ಳದಕೇರಿಯಂಥ ತಗ್ಗಿನ ಬಡಾವಣೆಗಳು, ಶ್ರೀರಂಗಪಟ್ಟಣದ ನದಿತೀರ, ತಿ. ನರಸೀಪುರ ಮತ್ತು ತಲಕಾಡಿನ ಹೊಳೆಯಂಚಿನ ಜಮೀನುಗಳು ನೆರೆಯ ದಾರಿಯಲ್ಲಿವೆ. ಲಕ್ಷ್ಮಣತೀರ್ಥ ಹರಿಯುವ ಹುಣಸೂರಿಗೆ ಬೆಂಕಿ ಮತ್ತು ನೀರು ಎರಡರ ಬಾಧೆಯೂ ಉಂಟು.

ಒಂದು ಹಾಳೆಯ ಮೇಲೆ ಮನೆ, ಕೊಟ್ಟಿಗೆ, ಹುಲ್ಲಿನ ಮೆದೆ, ಬೋರ್‌ವೆಲ್, ವಿದ್ಯುತ್ ಕಂಬ, ಹೊರಹೋಗುವ ರಸ್ತೆಗಳನ್ನು ಗುರುತಿಸಿ. ಅದರ ಮೇಲೆ ಬೇಸಿಗೆಯ ಮಧ್ಯಾಹ್ನದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನೂ, ಮಳೆಗಾಲದಲ್ಲಿ ನೀರು ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಬರೆಯಿರಿ. ಊರಿನ ಹಿರಿಯರನ್ನು ಕೇಳಿದರೆ ಯಾವ ವರ್ಷದ ನೆರೆ ಯಾವ ಮೆಟ್ಟಿಲಿನವರೆಗೆ ಬಂದಿತ್ತೆಂದು ತೋರಿಸುತ್ತಾರೆ. 1924ರ ಜುಲೈ ತಿಂಗಳ ಮಹಾಪ್ರವಾಹದ ಮಾತನ್ನು ಕಾವೇರಿ ದಡದ ಮನೆತನಗಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದಿವೆ. 2018 ಮತ್ತು 2019ರ ನೀರಿನ ಗುರುತುಗಳು ಇನ್ನೂ ಹಲವರ ನೆನಪಿನಲ್ಲಿ ಸ್ಪಷ್ಟವಾಗಿವೆ. ಆ ಮಟ್ಟವನ್ನು ಮನೆಯ ಹೊರಗೋಡೆಯ ಮೇಲೆ ಬಣ್ಣದ ಗೆರೆಯಿಂದ ಗುರುತಿಸಿಡಿ. ಮುಂದೆ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿ ಬಂದಾಗ ಆ ಗೆರೆಯೇ ನಿಮ್ಮ ಅಳತೆಗೋಲು.

ಈ ಹಂತದಲ್ಲಿಯೇ ಕೆಲವು ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ: ತುರ್ತು ಸೇವೆಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಅರಣ್ಯ ಸಹಾಯವಾಣಿಗೆ 1926, ವಿದ್ಯುತ್ ದೂರಿಗೆ 1912. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433 ಹೋಬಳಿ ಮಟ್ಟದ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲಿಯೇ ಹೇಳುತ್ತದೆ. ಇವುಗಳ ಜೊತೆಗೆ ನಿಮ್ಮ ಗ್ರಾಮ ಆಡಳಿತಾಧಿಕಾರಿ, ಪಿಡಿಒ ಮತ್ತು ಹತ್ತಿರದ ವಲಯ ಅರಣ್ಯ ಕಚೇರಿಯ ಸಂಖ್ಯೆಗಳು ಇರಲೇಬೇಕು, ಏಕೆಂದರೆ ಕಷ್ಟದ ಹೊತ್ತಿನಲ್ಲಿ ನಿಮ್ಮ ಊರಿಗೆ ಮೊದಲು ತಲುಪುವವರು ಅವರೇ.

ಎರಡನೆಯ ಹೆಜ್ಜೆ: ಬೆಂಕಿಗೆ ಸಿಗುವ ಮೇವನ್ನು ಮುಂಚೆಯೇ ತೆಗೆಯುವುದು

ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ಅಪರೂಪ. ಬಿದಿರು ತಿಕ್ಕಿ ಕಿಚ್ಚು ಹುಟ್ಟುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ, ಆದರೆ ಜನವರಿಯಿಂದ ಮೇವರೆಗಿನ ಹಂಗಾಮಿನಲ್ಲಿ ಕಾಣುವ ಬೆಂಕಿಗಳ ಹಿಂದೆ ಬಹುತೇಕ ಮನುಷ್ಯನ ಕೈಯೇ ಇರುತ್ತದೆ. ಆರಿಸದೆ ಎಸೆದ ಬೀಡಿ, ಜೇನು ಇಳಿಸಲು ಹಚ್ಚಿದ ಪಂಜು, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಚ್ಚು, ಹೊಲದ ಬದು ಸುಡುವಾಗ ಗಾಳಿಗೆ ಹಾರಿದ ಕಿಡಿ, ಕೆಲವೊಮ್ಮೆ ಅರಣ್ಯ ಇಲಾಖೆಯ ಮೇಲಿನ ಸಿಟ್ಟು, ಇವೇ ಕಾರಣಗಳು. ವನ್ಯಜೀವಿಧಾಮದೊಳಗೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ; ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರವೂ ಅದು ಶಿಕ್ಷಾರ್ಹ ಅಪರಾಧ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಹತ್ತಿದ ಬೆಂಕಿ ಹಲವು ದಿನ ಉರಿದು ಸಾವಿರಾರು ಎಕರೆ ಕಾಡನ್ನು ನುಂಗಿತು. ಅದನ್ನು ನಂದಿಸಲು ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಒಂದು ಕಡ್ಡಿ ಗೀರಿದವರ ಅಜಾಗರೂಕತೆಗೆ ಬೆಲೆ ತೆರುವವರು ಇಂಥವರೇ ಎಂಬುದನ್ನು ನಾವು ಮರೆಯಬಾರದು.

ಕಾಡಿನ ಒಳಗೆ ಬೆಂಕಿ ರೇಖೆ ಮಾಡುವುದು, ಅಂದರೆ ಡಿಸೆಂಬರ್–ಜನವರಿಯಲ್ಲಿ ಪಟ್ಟಿಯಾಕಾರದಲ್ಲಿ ಹುಲ್ಲು, ಪೊದೆಗಳನ್ನು ಸವರಿ ನಿಯಂತ್ರಣದಲ್ಲಿ ಸುಟ್ಟು ಬೆಂಕಿ ದಾಟದಂತೆ ಬಯಲು ಮಾಡುವುದು, ಇಲಾಖೆಯ ಕೆಲಸ. ಮನೆಯ ಸುತ್ತ ಅದೇ ತತ್ತ್ವವನ್ನು ಬೆಂಕಿ ಹಚ್ಚದೆ ಅನುಸರಿಸುವುದು ನಮ್ಮ ಕೆಲಸ. ಮನೆ ಮತ್ತು ಕೊಟ್ಟಿಗೆಯ ಸುತ್ತ ಕನಿಷ್ಠ ಹತ್ತು ಮೀಟರ್‌ವರೆಗೆ ಒಣ ಹುಲ್ಲು, ತರಗೆಲೆ, ಪೊದೆಗಳನ್ನು ಕೆತ್ತಿ ಮಣ್ಣು ಕಾಣುವಂತೆ ಮಾಡಿ. ಹೆಂಚಿನ ಸಂದಿಯಲ್ಲೂ ಮಳೆನೀರಿನ ದೋಣಿಯಲ್ಲೂ ಸೇರಿಕೊಂಡ ಎಲೆಗಳನ್ನು ತೆಗೆಯಿರಿ. ದೂರದಿಂದ ಹಾರಿಬರುವ ಕಿಡಿಗೆ ಮನೆಯ ಮೇಲೆ ಮೊದಲು ಸಿಗುವ ಜಾಗ ಅದೇ. ಸೌದೆಯ ರಾಶಿಯನ್ನು ಗೋಡೆಗೆ ಒತ್ತಿಕೊಂಡು ಒಟ್ಟುವ ರೂಢಿ ನಮ್ಮಲ್ಲಿ ಬಹಳ ಇದೆ, ಬೇಸಿಗೆಯ ಮಟ್ಟಿಗಾದರೂ ಅದನ್ನು ಹಿತ್ತಲಿನ ಕೊನೆಗೆ ಸಾಗಿಸಿ. ಮನೆಯ ಪಕ್ಕದ ಮರಗಳ ಕೆಳಕೊಂಬೆಗಳನ್ನು ಆಳೆತ್ತರದವರೆಗೆ ಸವರಿದರೆ ನೆಲದ ಬೆಂಕಿ ಮರದ ತಲೆಗೆ ಏರುವುದಿಲ್ಲ.

ಲಂಟಾನದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಂಡೀಪುರ, ನಾಗರಹೊಳೆಗಳಲ್ಲಿ ನೆಲವನ್ನೆಲ್ಲ ಆವರಿಸಿರುವ ಈ ಪೊದೆ ಕಾಡಿನ ಬೆಂಕಿಯ ಸ್ವಭಾವವನ್ನೇ ಬದಲಿಸಿಬಿಟ್ಟಿದೆ. ಬರಿಯ ಹುಲ್ಲು ಉರಿದರೆ ಬೆಂಕಿ ಮೊಣಕಾಲೆತ್ತರದಲ್ಲಿ ಬೇಗ ಹಾಯ್ದುಹೋಗುತ್ತದೆ. ಲಂಟಾನ ಅರೆಹಸಿಯಾಗಿದ್ದರೂ ಹೊತ್ತಿಕೊಂಡು ಹೆಚ್ಚು ಹೊತ್ತು, ಹೆಚ್ಚು ಎತ್ತರಕ್ಕೆ ಉರಿದು ಮರಗಳ ಕೊಂಬೆಗೆ ಏಣಿಯಾಗುತ್ತದೆ. ಕಾಡಂಚಿನ ಬೇಲಿಗಳಲ್ಲಿ ಇದನ್ನು ಬೆಳೆಯಲು ಬಿಟ್ಟ ಹೊಲಗಳಿಗೆ ಕಾಡಿನ ಬೆಂಕಿ ನೇರ ದಾರಿ ಹಿಡಿದು ಬರುತ್ತದೆ. ಮಳೆಗಾಲ ಮುಗಿದು ನೆಲ ಇನ್ನೂ ಮೆತ್ತಗಿರುವಾಗಲೇ ಬೇರುಸಹಿತ ಕಿತ್ತು ಬುಡಮೇಲಾಗಿ ಒಣಗಿಸುವುದು ಸರಿಯಾದ ಕ್ರಮ. ಬುಡದಲ್ಲಿ ಕತ್ತರಿಸಿ ಬಿಟ್ಟರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ.

ಹುಲ್ಲಿನ ಮೆದೆಯ ವಿಚಾರದಲ್ಲಿ ನನ್ನ ಸಲಹೆ ಖಡಾಖಂಡಿತವಾದದ್ದು: ವರ್ಷದ ಮೇವನ್ನೆಲ್ಲ ಒಂದೇ ಮೆದೆಯಾಗಿ ಹಾಕಬೇಡಿ. ಎರಡು ಮೂರು ಚಿಕ್ಕ ಮೆದೆಗಳನ್ನು ಒಂದಕ್ಕೊಂದು ದೂರವಾಗಿ, ಕೊಟ್ಟಿಗೆಯಿಂದಲೂ ವಿದ್ಯುತ್ ತಂತಿಯಿಂದಲೂ ದೂರವಾಗಿ ಒಟ್ಟಿದರೆ ಒಂದು ಹೋದರೂ ದನಕರುಗಳ ಬಾಯಿಗೆ ಉಳಿದವು ಇರುತ್ತವೆ. ಬರದ ವರ್ಷದಲ್ಲಿ ಮೇವಿಗಾಗಿ ಅಲೆದವರಿಗೆ ಇದರ ಬೆಲೆ ಗೊತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಒಣಗಿದ ವರ್ಷದಲ್ಲಿ ಬೆಂಕಿಯ ಭಯವೂ ಮೇವಿನ ಅಭಾವವೂ ಒಟ್ಟಿಗೇ ಬರುತ್ತವೆ.

ನೀರಿನ ಏರ್ಪಾಡು ಕರೆಂಟನ್ನು ನಂಬಿಕೊಂಡಿರಬಾರದು. ಬೆಂಕಿ ಬಿದ್ದಾಗ ತಂತಿಗಳನ್ನು ಸುರಕ್ಷತೆಗಾಗಿ ಕಡಿತಗೊಳಿಸುವುದುಂಟು, ಆಗ ಬೋರ್‌ವೆಲ್ ಮೋಟಾರು ಇದ್ದೂ ಇಲ್ಲದಂತೆ. ಜನವರಿಯಿಂದ ಮೇವರೆಗೆ ಒಂದು ತೊಟ್ಟಿ ಅಥವಾ ಎರಡು ಡ್ರಮ್ಮು ನೀರು ಯಾವಾಗಲೂ ತುಂಬಿರಲಿ, ಪಕ್ಕದಲ್ಲಿ ಬಕೆಟ್, ಗೋಣಿಚೀಲ, ಸಲಿಕೆ, ಮಚ್ಚು ಇರಲಿ.

ಕಬ್ಬಿನ ಗದ್ದೆಯಿರುವ ಮಂಡ್ಯದವರಿಗೆ

ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಬಯಲಿನಲ್ಲಿ ಕಾಡಿಲ್ಲ, ಆದರೆ ಕಟಾವಿಗೆ ಬಂದ ಕಬ್ಬಿನ ಗದ್ದೆ ಬೇಸಿಗೆಯಲ್ಲಿ ಕಾಡಿನಷ್ಟೇ ಜೋರಾಗಿ ಉರಿಯಬಲ್ಲುದು. ಇಲ್ಲಿ ಬೆಂಕಿಗೆ ಎರಡು ದಾರಿಗಳು. ಮೊದಲನೆಯದು ಗದ್ದೆಯ ಮೇಲೆ ಜೋತುಬಿದ್ದ ವಿದ್ಯುತ್ ತಂತಿ. ಗಾಳಿಗೆ ಎರಡು ತಂತಿ ಒಂದಕ್ಕೊಂದು ತಗುಲಿದರೆ ಕಿಡಿ ನೇರವಾಗಿ ಒಣ ತರಗಿನ ಮೇಲೆ ಬೀಳುತ್ತದೆ. ತಂತಿ ಜೋತುಬಿದ್ದಿದ್ದರೆ 1912ಕ್ಕೆ ಕರೆ ಮಾಡಿದರೆ ಸಾಲದು. ಶಾಖಾ ಕಚೇರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ, ತಂತಿಯ ಫೋಟೊ ಇಟ್ಟುಕೊಳ್ಳಿ. ತಂತಿಯಿಂದಲೇ ಬೆಂಕಿ ಹತ್ತಿತೆಂದು ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ ಆ ಸ್ವೀಕೃತಿಯೇ ನಿಮ್ಮ ಪರವಾಗಿ ಮಾತಾಡುತ್ತದೆ. ತಂತಿಯ ಕೆಳಗಿನ ಪಟ್ಟಿಯಲ್ಲಿ ಕಬ್ಬಿನ ಬದಲು ಗಿಡ್ಡ ಬೆಳೆ ಹಾಕುವುದು ಇನ್ನೂ ಜಾಣತನ.

ಎರಡನೆಯದು ಕಟಾವಾದ ಮೇಲೆ ತರಗಿಗೆ ನಾವೇ ಹಚ್ಚುವ ಬೆಂಕಿ. ಕೂಳೆ ಬೇಗ ಚಿಗುರುತ್ತದೆ, ಖರ್ಚು ಉಳಿಯುತ್ತದೆ ಎಂದು ಹಚ್ಚಿದ ಬೆಂಕಿ ಪಕ್ಕದವರ ನಿಂತ ಬೆಳೆಯನ್ನು ಸುಟ್ಟ ಪ್ರಸಂಗಗಳು ಪ್ರತಿವರ್ಷ ನಡೆಯುತ್ತವೆ, ಅಕ್ಕಪಕ್ಕದ ಮನೆಗಳು ಮಾತು ಬಿಡುವಷ್ಟು ವೈಮನಸ್ಯ ಬೆಳೆಯುತ್ತದೆ. ಸುಟ್ಟಾಗ ತರಗಿನಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮಣ್ಣಿನ ಮೇಲ್ಪದರದ ಜೀವಾಣುಗಳು ಸಾಯುತ್ತವೆ. ಸಾಲು ಬಿಟ್ಟು ಸಾಲಿಗೆ ತರಗನ್ನು ಹರಡಿ ಮುಚ್ಚಿಗೆ ಮಾಡಿದರೆ ಬೇಸಿಗೆಯ ನೀರಿನ ಸರದಿ ತಡವಾದರೂ ತೇವ ಉಳಿಯುತ್ತದೆ. ನಾಲೆಯಲ್ಲಿ ನೀರು ಯಾವಾಗ ಬರುತ್ತದೋ ಎಂದು ಕಾಯುವ ವಿಶ್ವೇಶ್ವರಯ್ಯ ನಾಲಾ ಬಯಲಿನ ರೈತರಿಗೆ ಇದು ಸಣ್ಣ ಲಾಭವಲ್ಲ. ತರಗು ಪುಡಿ ಮಾಡುವ ಯಂತ್ರಗಳು ಬಾಡಿಗೆಗೆ ಸಿಗುತ್ತವೆಯೇ ಎಂದು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ.

ಮೂರನೆಯ ಹೆಜ್ಜೆ: ಹೊಗೆ ಕಂಡ ಗಳಿಗೆಯಿಂದ

ಹೊಗೆ ಕಂಡ ಕೂಡಲೇ 1926 ಅಥವಾ 112ಕ್ಕೆ ಕರೆ ಮಾಡಿ, ಬೆಟ್ಟದ ಹೆಸರು, ಹತ್ತಿರದ ಕೆರೆ ಅಥವಾ ದೇವಸ್ಥಾನ, ಗಾಳಿಯ ದಿಕ್ಕು, ಬೆಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಹೇಳಿ. ಬೇರೆ ಯಾರೋ ಹೇಳಿರುತ್ತಾರೆ ಎಂದು ಸುಮ್ಮನಿರಬೇಡಿ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹಗಳ ನೆರವಿನಿಂದ ಬೆಂಕಿಯನ್ನು ಗುರುತಿಸಿ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ, ಆಸಕ್ತರು ಅದಕ್ಕೆ ಹೆಸರು ನೋಂದಾಯಿಸಬಹುದು. ಆದರೆ ಉಪಗ್ರಹ ಆ ಜಾಗದ ಮೇಲೆ ಹಾಯ್ದಾಗ ಮಾತ್ರ ನೋಡಬಲ್ಲುದು. ಊರಿನವರ ಕಣ್ಣು ಅದಕ್ಕಿಂತ ಬೇಗ ನೋಡುತ್ತದೆ.

ಬೆಂಕಿಯ ನಡೆಯನ್ನು ಅರಿಯದೆ ಅದರ ಹತ್ತಿರ ಹೋಗಬಾರದು. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಅತಿ ವೇಗವಾಗಿ ಓಡುತ್ತದೆ; ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೆಂಕಿ ನಂದಿಸುವವರ ಲೆಕ್ಕ. ಉರಿಯುವ ಜ್ವಾಲೆ ಮೇಲಿನ ಹುಲ್ಲನ್ನು ಮುಂಚೆಯೇ ಕಾಯಿಸಿ ಒಣಗಿಸಿಡುವುದೇ ಇದಕ್ಕೆ ಕಾರಣ. ಆದ್ದರಿಂದ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಹೋಗುವಾಗ ಕೆಳಗೆ ಹೊಗೆ ಕಂಡರೆ, ತುದಿ ಹತ್ತಿರವಿದೆಯೆಂದು ಬೆಂಕಿಯ ನೇರಕ್ಕೆ ಮೇಲಕ್ಕೆ ಓಡಬೇಡಿ. ಪಕ್ಕಕ್ಕೆ ಸರಿದು ರಸ್ತೆ, ಬರಿಯ ಬಂಡೆ ಅಥವಾ ಈಗಾಗಲೇ ಸುಟ್ಟು ಕರಿಯಾದ ಜಾಗ ಸೇರಿಕೊಳ್ಳಿ. ಸುಟ್ಟ ನೆಲ ಇನ್ನೊಮ್ಮೆ ಹೊತ್ತುವುದಿಲ್ಲ, ಬೆಂಕಿಯ ಬಳಿ ಅದಕ್ಕಿಂತ ಸುರಕ್ಷಿತ ಜಾಗ ಇನ್ನೊಂದಿಲ್ಲ. ಮಧ್ಯಾಹ್ನ ಗಾಳಿ ಬಿರುಸಾಗಿರುತ್ತದೆ, ತೇವ ಕಡಿಮೆಯಿರುತ್ತದೆ. ರಾತ್ರಿಯೂ ನಸುಕಿನಲ್ಲೂ ಬೆಂಕಿ ತಗ್ಗುತ್ತದೆ. ಗಾಳಿ ಯಾವಾಗ ಬೇಕಾದರೂ ತಿರುಗಬಹುದು ಎಂಬುದನ್ನು ತಲೆಯಲ್ಲಿಟ್ಟುಕೊಂಡು, ಹೊರಬರುವ ದಾರಿಯನ್ನು ನೋಡಿಕೊಂಡೇ ಒಳಗೆ ಹೋಗಬೇಕು.

ಅರಣ್ಯ ಸಿಬ್ಬಂದಿಗೆ ನೆರವಾಗಲು ಹೋಗುವ ಯುವಕರು ಅವರ ಮಾತು ಮೀರಬಾರದು. ಹತ್ತಿಯ ಉದ್ದ ತೋಳಿನ ಅಂಗಿ, ಪ್ಯಾಂಟು, ಗಟ್ಟಿ ಬೂಟು ಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಬೆಂಕಿಯ ಮುಂದೆ ನಿಲ್ಲದೆ ಹಿಂದಿನಿಂದ ಅಥವಾ ಪಕ್ಕದಿಂದ ಹಸಿ ಸೊಪ್ಪಿನ ಕೊಂಬೆಗಳಲ್ಲಿ ಬಡಿಯಬೇಕು, ಕೊಂಬೆಯನ್ನು ಮೇಲಕ್ಕೆ ಬೀಸದೆ ನೆಲಕ್ಕೆ ಒತ್ತಬೇಕು, ಇಲ್ಲವಾದರೆ ಕಿಡಿ ಹಾರಿ ಇನ್ನೊಂದು ಕಡೆ ಹೊತ್ತುತ್ತದೆ. ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಯ ಮುಂದಿನ ಮೇವನ್ನು ಮೊದಲೇ ಸುಟ್ಟುಬಿಡುವ ಕೆಲಸಕ್ಕೆ ತರಬೇತಿ ಇಲ್ಲದವರು ಎಂದಿಗೂ ಕೈಹಾಕಬಾರದು.

ಬೆಂಕಿ ಊರಿನ ಕಡೆ ಬಂದರೆ ಮೊದಲು ಮಾಡಬೇಕಾದದ್ದು ದನಕರು, ಆಡು, ಕುರಿಗಳ ಹಗ್ಗ ಬಿಚ್ಚುವುದು. ಕಟ್ಟಿದ ದನ ಸಾಯುತ್ತದೆ, ಬಿಟ್ಟ ದನ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಅಡುಗೆ ಅನಿಲದ ಸಿಲಿಂಡರ್ ಮುಚ್ಚಿ, ಮೇನ್ ಸ್ವಿಚ್ ಆರಿಸಿ, ಕಿಟಕಿ ಬಾಗಿಲು ಹಾಕಿ, ವಯಸ್ಸಾದವರನ್ನೂ ಮಕ್ಕಳನ್ನೂ ಮೊದಲು ಕಳಿಸಿ. ಹೊಗೆಯಲ್ಲಿ ನಡೆಯಬೇಕಾದರೆ ಬಗ್ಗಿ ನಡೆಯಿರಿ. ಒದ್ದೆ ಬಟ್ಟೆ ಬಿಸಿಗಾಳಿಯನ್ನೂ ಬೂದಿಯನ್ನೂ ಸ್ವಲ್ಪ ತಡೆಯುತ್ತದೆ, ಆದರೆ ಹೊಗೆಯ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಉಬ್ಬಸ ಇರುವವರಿಗೆ ಎನ್95 ಮಾಸ್ಕ್ ಬೇಕು. ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಹಚ್ಚಬೇಡಿ. ಬೆಂಕಿ ಆರಿದ ಬಳಿಕವೂ ಕಾಡಂಚಿನವರು ಕೆಲವು ವಾರ ಮುಸ್ಸಂಜೆ ಮತ್ತು ನಸುಕಿನಲ್ಲಿ ಒಂಟಿಯಾಗಿ ಓಡಾಡುವುದನ್ನು ತಪ್ಪಿಸಬೇಕು, ಮೇವು ಕಳೆದುಕೊಂಡ ಆನೆಗಳು ಹೊಲದ ಕಡೆ ಬರುವ ಸಂಭವ ಹೆಚ್ಚಿರುತ್ತದೆ.

ನಾಲ್ಕನೆಯ ಹೆಜ್ಜೆ: ಭರಣಿ ಮಳೆಯ ಗಾಳಿ ಮತ್ತು ಸಿಡಿಲು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ನಿಜ, ಆದರೆ ಅದೇ ಮಳೆಯ ಮುಂದೆ ಬರುವ ಬಿರುಗಾಳಿ ಬಾಳೆತೋಟಗಳನ್ನು ಮಲಗಿಸುತ್ತದೆ, ಮೈಸೂರಿನ ಹಳೆಯ ಮರಗಳನ್ನು ರಸ್ತೆಗೆ ಉರುಳಿಸುತ್ತದೆ. ಏಪ್ರಿಲ್ ಮೊದಲ ವಾರದೊಳಗೆ ಶೀಟಿನ ಚಾವಣಿಯ ಬೋಲ್ಟುಗಳನ್ನು ಬಿಗಿಗೊಳಿಸಿ, ಮನೆಯ ಮೇಲೆ ವಾಲಿದ ಕೊಂಬೆಗಳ ಬಗ್ಗೆ ಪಾಲಿಕೆಗೆ ಅಥವಾ ಪಂಚಾಯಿತಿಗೆ ಬರೆದುಕೊಡಿ, ಬಾಳೆಗೆ ಊರುಗೋಲು ಕೊಡಿ. ತುಂಡಾಗಿ ಬಿದ್ದ ತಂತಿಯ ಹತ್ತಿರ ಹೋಗಬೇಡಿ, ಒದ್ದೆ ನೆಲದ ಮೂಲಕವೂ ವಿದ್ಯುತ್ ಹರಿದಿರುತ್ತದೆ.

ಸಿಡಿಲಿನ ವಿಷಯದಲ್ಲಿ ಒಂದು ಎಣಿಕೆಯನ್ನು ಮನೆಮಂದಿಗೆಲ್ಲ ಕಲಿಸಿ. ಮಿಂಚು ಕಂಡ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಕೂಡಲೇ ಗಟ್ಟಿ ಕಟ್ಟಡ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ. ಹೊಲದಲ್ಲಿ ಸಾಯುವವರಲ್ಲಿ ಅನೇಕರು ಮಳೆಯಿಂದ ತಪ್ಪಿಸಿಕೊಳ್ಳಲು ಒಂಟಿ ಮರದ ಕೆಳಗೆ ನಿಂತವರು. ದನಗಳನ್ನೂ ಮರಕ್ಕೆ ಕಟ್ಟಬೇಡಿ. ಮನೆ ದೂರವಿದ್ದರೆ ತಗ್ಗು ಜಾಗದಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ, ಮಲಗಬೇಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಅವರನ್ನು ಮುಟ್ಟಲು ಹೆದರಬೇಡಿ; ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿ ಎದೆಯನ್ನು ಒತ್ತಲು ಆರಂಭಿಸಿ.

ಐದನೆಯ ಹೆಜ್ಜೆ: ಅಣೆಕಟ್ಟೆಯ ಅಂಕಿಗಳನ್ನು ಓದುವುದು

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಪ್ರಕಟಿಸುತ್ತವೆ. ಬಹಳ ಮಂದಿ ಮಟ್ಟವನ್ನಷ್ಟೇ ನೋಡಿ, ಕಟ್ಟೆ ತುಂಬಿತೆಂದು ಸಂತೋಷಪಟ್ಟು ಮುಂದಿನ ಪುಟ ತಿರುಗಿಸುತ್ತಾರೆ. ದಡದಲ್ಲಿರುವವರು ಮೂರನ್ನೂ ಓದಬೇಕು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಪೂರ್ಣ ಸಾಮರ್ಥ್ಯ 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕಬಿನಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ ಮಾತ್ರ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಇಡೀ ದಿನ 1 ಲಕ್ಷ ಕ್ಯೂಸೆಕ್ ಹರಿದರೆ 8.64 ಟಿಎಂಸಿ ಆಗುತ್ತದೆ. ಈ ಲೆಕ್ಕದಲ್ಲಿ ಬರಿದಾದ ಕಬಿನಿ ಕೂಡ ಎರಡೂಕಾಲು ದಿನದಲ್ಲಿ ತುಂಬಿಬಿಡುತ್ತದೆ, ಕೃಷ್ಣರಾಜಸಾಗರಕ್ಕೆ ಐದು ದಿನಗಳಿಗೂ ಹೆಚ್ಚು ಬೇಕು. ಕಬಿನಿಯು ನೀರನ್ನು ಹಿಡಿದಿಡುವಷ್ಟು ದೊಡ್ಡದಲ್ಲ ಎಂಬುದೇ ನಂಜನಗೂಡು ಪದೇ ಪದೇ ಮುಳುಗುವುದಕ್ಕೆ ಮುಖ್ಯ ಕಾರಣ. 2019ರ ಆಗಸ್ಟ್‌ನಲ್ಲಿ ಕಬಿನಿಯ ಹೊರಹರಿವು 1 ಲಕ್ಷ ಕ್ಯೂಸೆಕ್ ದಾಟಿದಾಗ ಮೈಸೂರು–ಊಟಿ ರಸ್ತೆಯ ಮೇಲೆ ನೀರು ನಿಂತು ಸಂಚಾರ ನಿಂತಿತ್ತು, ಸುತ್ತೂರು ಸೇತುವೆ ಮುಳುಗಿತ್ತು.

ಇದರಿಂದ ಎರಡು ಅಭ್ಯಾಸಗಳು ಹುಟ್ಟಬೇಕು. ನಂಜನಗೂಡಿನವರು ತಮ್ಮೂರಿನ ಆಕಾಶ ನೋಡುವುದಕ್ಕಿಂತ ವಯನಾಡಿನ ಮಳೆಯ ಸುದ್ದಿ ನೋಡಬೇಕು. ಕಾವೇರಿ ದಡದವರು ಭಾಗಮಂಡಲ, ತಲಕಾವೇರಿಯ ಮಳೆಯನ್ನೂ, ಮೇಲಿನ ಹಾರಂಗಿ, ಹೇಮಾವತಿ ಜಲಾಶಯಗಳ ಹೊರಹರಿವನ್ನೂ ಗಮನಿಸಬೇಕು. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ನದಿ ಏರಬಹುದು. ಎರಡನೆಯದಾಗಿ, ಕಟ್ಟೆ ತುಂಬುವುದಕ್ಕೆ ಒಂದೆರಡು ಅಡಿಯಷ್ಟೇ ಬಾಕಿಯಿದ್ದು ಒಳಹರಿವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಬಂದಷ್ಟೇ ನೀರನ್ನು ಹೊರಬಿಡದೆ ಬೇರೆ ದಾರಿಯಿಲ್ಲ ಎಂದು ತಿಳಿದು ಅಂದೇ ಸಿದ್ಧರಾಗಬೇಕು. ಒಂದು ಪುಸ್ತಕದಲ್ಲಿ ಹೊರಹರಿವು ಇಷ್ಟಿದ್ದಾಗ ನೀರು ನಮ್ಮ ಬೀದಿಯ ಎಲ್ಲಿಗೆ ಬಂತೆಂದು ವರ್ಷ ವರ್ಷವೂ ಬರೆದಿಟ್ಟರೆ, ಕೆಲವೇ ವರ್ಷಗಳಲ್ಲಿ ನಿಮ್ಮ ಮನೆಯದೇ ಆದ ಎಚ್ಚರಿಕೆಯ ಪಟ್ಟಿ ಸಿದ್ಧವಾಗುತ್ತದೆ. ಇಂಥ ಪುಸ್ತಕ ಪ್ರತಿಯೊಂದು ನದಿತೀರದ ಮನೆಯಲ್ಲೂ ಇರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕೆರೆಯ ಕೆಳಗಿನ ಊರುಗಳು ಏರಿಯನ್ನು ಮೇ ತಿಂಗಳಲ್ಲೇ ನಡೆದು ನೋಡಬೇಕು. ಇಲಿ, ಏಡಿಗಳ ಬಿಲ, ಏರಿಯ ಮೇಲೆ ಬೆಳೆದ ಮರಗಳ ಬೇರು, ಹೂಳು ಕಟ್ಟಿದ ಕೋಡಿ, ಕೆಟ್ಟ ತೂಬು ಕಂಡರೆ ಪಂಚಾಯಿತಿಗೆ ತಿಳಿಸಿ. ಮಳೆಗಾಲದಲ್ಲಿ ಏರಿಯ ಹಿಂಬದಿ ಜಿನುಗುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರಿ. ಅದು ಕೆಂಪಾಗಿ, ಮಣ್ಣು ಬೆರೆತು ಬರತೊಡಗಿದರೆ ಏರಿ ಒಳಗಿನಿಂದ ಕೊರೆದುಹೋಗುತ್ತಿದೆ ಎಂದು ಅರ್ಥ, ಆಗ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಬೇಕು.

ಆರನೆಯ ಹೆಜ್ಜೆ: ಹೊರಡುವುದು

ಯಾವಾಗ ಹೊರಡಬೇಕೆಂಬ ತೀರ್ಮಾನವನ್ನು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಿ: ಇಷ್ಟು ಕ್ಯೂಸೆಕ್ ಬಿಟ್ಟರೆಂದರೆ, ಅಥವಾ ನೀರು ಆ ಮರದ ಬುಡಕ್ಕೆ ಬಂತೆಂದರೆ, ಚರ್ಚೆಯಿಲ್ಲದೆ ಹೊರಡುವುದು. ರಾತ್ರಿ ನೀರು ಬರುವ ಸೂಚನೆಯಿದ್ದರೆ ಸಂಜೆಯ ಬೆಳಕಿನಲ್ಲೇ ಹೊರಡಿ. ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪುಸ್ತಕ, ವಿಮೆಯ ಪತ್ರಗಳನ್ನು ನೀರು ಹೋಗದ ಒಂದು ಚೀಲದಲ್ಲಿಟ್ಟು, ಅವುಗಳ ಫೋಟೊಗಳನ್ನು ಊರ ಹೊರಗಿನ ನೆಂಟರ ಮೊಬೈಲಿಗೂ ಕಳಿಸಿ. ದಿನವೂ ನುಂಗುವ ಮಾತ್ರೆಗಳು ಎರಡು ವಾರಕ್ಕಾಗುವಷ್ಟು, ಟಾರ್ಚು, ಪವರ್ ಬ್ಯಾಂಕ್, ಕುಡಿಯುವ ನೀರು, ಅವಲಕ್ಕಿ, ಹುರಿಹಿಟ್ಟಿನಂಥ ಬೇಯಿಸಬೇಕಿಲ್ಲದ ಆಹಾರ, ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡುಗಳು ಅದೇ ಚೀಲದ ಪಕ್ಕದಲ್ಲಿರಲಿ. ತಾಲ್ಲೂಕು ಆಡಳಿತ ಎಲ್ಲಿ ಕಾಳಜಿ ಕೇಂದ್ರ (ಸಂತ್ರಸ್ತರ ತಾತ್ಕಾಲಿಕ ಆಶ್ರಯ) ತೆರೆಯುತ್ತದೆಂದು ಜೂನ್‌ನಲ್ಲೇ ಕೇಳಿಕೊಳ್ಳಿ, ದನಗಳಿಗೆ ಅಲ್ಲಿ ಜಾಗವಿದೆಯೇ ಎಂದೂ ವಿಚಾರಿಸಿ. ದನಗಳನ್ನು ಬಿಟ್ಟು ಬರಲಾರದೆ ನೀರಿನಲ್ಲಿ ಉಳಿದುಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಆದ್ದರಿಂದ ಮನುಷ್ಯರಿಗಿಂತ ಒಂದು ದಿನ ಮುಂಚೆ ದನಗಳನ್ನು ಎತ್ತರದ ಊರಿನ ನೆಂಟರ ಕೊಟ್ಟಿಗೆಗೆ ಹೊಡೆದುಬಿಡುವುದು ಉತ್ತಮ.

ರಸ್ತೆಯ ಮೇಲೆ ಹರಿಯುವ ನೀರನ್ನು ದಾಟಬೇಡಿ. ಅರ್ಧ ಅಡಿಯ ರಭಸದ ನೀರು ನಡೆಯುವವರ ಕಾಲು ತಪ್ಪಿಸಬಲ್ಲುದು, ಎರಡಡಿ ನೀರು ಬಹುತೇಕ ಕಾರುಗಳನ್ನು ತೇಲಿಸಿಕೊಂಡು ಹೋಗುತ್ತದೆ. ಬಲಮುರಿ, ಎಡಮುರಿ, ಪಶ್ಚಿಮವಾಹಿನಿ, ನಿಮಿಷಾಂಬ ದೇವಸ್ಥಾನದ ಸ್ನಾನಘಟ್ಟಗಳಲ್ಲಿ ನೀರು ಏರಿದಾಗ ಫೋಟೊಗಾಗಿ ಇಳಿಯುವವರನ್ನು ತಡೆಯುವುದು ಜೊತೆಯಲ್ಲಿರುವ ಪ್ರತಿಯೊಬ್ಬರ ಹೊಣೆ.

ಏಳನೆಯ ಹೆಜ್ಜೆ: ನೀರಿಳಿದ ಮೇಲೆ, ಬೆಂಕಿ ಆರಿದ ಮೇಲೆ

ಮನೆಯೊಳಗೆ ಕಾಲಿಡುವ ಮುನ್ನ ಗೋಡೆಗಳಲ್ಲಿ ಹೊಸ ಬಿರುಕು ಇದೆಯೇ ನೋಡಿ. ನೆನೆದ ಮಣ್ಣಿನ ಗೋಡೆ ಮಳೆ ನಿಂತು ಬಿಸಿಲು ಬಿದ್ದ ನಂತರ ಕುಸಿಯುವುದುಂಟು. ಒದ್ದೆ ಸ್ವಿಚ್ ಬೋರ್ಡು, ಪಂಪ್‌ಸೆಟ್ಟುಗಳನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ. ಮೂಲೆಗಳಲ್ಲಿ ಹಾವು ಸೇರಿರುತ್ತದೆ, ರಂಗನತಿಟ್ಟಿನ ಆಸುಪಾಸಿನ ಹೊಳೆಯಂಚಿನಲ್ಲಿ ಮೊಸಳೆಯೂ ಮೇಲೆ ಬಂದಿರಬಹುದು. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ಗೆ ಕರೆದೊಯ್ಯಿರಿ. ಬಾವಿ ಅಥವಾ ತೊಟ್ಟಿಯ ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ ಒಂದು ಗಂಟೆ ಬಿಡಬೇಕು. ಕುಡಿಯುವ ನೀರನ್ನು ಕುದಿಸಲೇಬೇಕು. ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೈಕೈ ನೋವು ಬಂದರೆ ಇಲಿಜ್ವರದ ಸಂಶಯವನ್ನು ವೈದ್ಯರಿಗೆ ಹೇಳಿ.

ಪರಿಹಾರದ ಕಾಗದಪತ್ರಗಳನ್ನು ಶುಚಿಗೊಳಿಸುವ ಕೆಲಸಕ್ಕಿಂತ ಮೊದಲೇ ಆರಂಭಿಸಿ. ಹಾನಿಯಾದ ಗೋಡೆ, ಬೆಳೆ, ಸತ್ತ ದನ ಎಲ್ಲದರ ಫೋಟೊವನ್ನು ದಿನಾಂಕ ಮತ್ತು ಸ್ಥಳ ಕಾಣುವಂತೆ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಮಹಜರು ಆಗುವವರೆಗೆ ಗುರುತುಗಳನ್ನು ಅಳಿಸದಿರಿ. ಸತ್ತ ದನಕ್ಕೆ ಪಶುವೈದ್ಯರ ಮರಣೋತ್ತರ ವರದಿ ಬೇಕು, ಅದರ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಂಡಿರಿ. 2022–26ರ ಅವಧಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಪ್ರಾಣಹಾನಿಗೆ 4 ಲಕ್ಷ ರೂಪಾಯಿ, ಬಯಲುಸೀಮೆಯಲ್ಲಿ ಪೂರ್ಣ ಹಾಳಾದ ಮನೆಗೆ 1.2 ಲಕ್ಷ ರೂಪಾಯಿ, ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ ನಿಗದಿಯಾಗಿತ್ತು. ಶೇ 33 ಅಥವಾ ಹೆಚ್ಚು ಬೆಳೆ ಹಾನಿಯಾದರೆ ಎರಡು ಹೆಕ್ಟೇರ್‌ವರೆಗೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ಇತ್ತು. ಇದರ ಮೇಲೆ ರಾಜ್ಯ ಸರ್ಕಾರ ಹೆಚ್ಚುವರಿ ಘೋಷಿಸುವುದೂ ಉಂಟು. ಈ ಹಣ ಫ್ರೂಟ್ಸ್ (ರೈತರ ಮತ್ತು ಅವರ ಜಮೀನಿನ ವಿವರ ದಾಖಲಿಸುವ ರಾಜ್ಯದ ತಂತ್ರಾಂಶ) ನೋಂದಣಿಯ ಆಧಾರದ ಮೇಲೆ, ಆಧಾರ್ ಜೋಡಿಸಿದ ಖಾತೆಗೇ ಬರುವುದರಿಂದ ನಿಮ್ಮ ಎಲ್ಲ ಸರ್ವೆ ನಂಬರುಗಳು ಅಲ್ಲಿ ಸೇರಿವೆಯೇ, ಬೆಳೆ ಸಮೀಕ್ಷೆಯಲ್ಲಿ ನೀವು ಬೆಳೆದ ಬೆಳೆಯೇ ದಾಖಲಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಪ್ರತಿ ಹಂಗಾಮಿನಲ್ಲಿ ನೋಡಿಸಿ. ಪಹಣಿ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲೇ ಉಳಿದಿರುವ ಕುಟುಂಬಗಳಿಗೆ ಪರಿಹಾರ ಸಿಗುವುದು ಬಹಳ ಕಷ್ಟ. ಪೌತಿ ಖಾತೆಯ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸವನ್ನು ಈ ವರ್ಷವೇ ಮುಗಿಸಿಕೊಳ್ಳಿ.

ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು, ಭೂಕುಸಿತ, ಸಿಡಿಲಿನಿಂದ ಹೊತ್ತಿದ ಬೆಂಕಿಯಂಥ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಕರೆ ಮಾಡಿದಾಗ ಕೊಡುವ ದೂರು ಸಂಖ್ಯೆಯನ್ನು ಬರೆದುಕೊಂಡು, ಅದೇ ದಿನ ಲಿಖಿತವಾಗಿಯೂ ಒಂದು ಪ್ರತಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ.